ಕೊಟ್ಟಿಗೆಯ ಗಿಟಾರ್ ಪಾಠ

ಸಾರಕ್ಕಿಯ ಗಂಗಾಧರಯ್ಯನಿಗೆ ಜಗತ್ತಿನಲ್ಲಿ ಯಾವುದೂ ಸರಿಬರುತ್ತಿರಲಿಲ್ಲ. ಸಿನಿಮಾ ಹಾಡು ಅಂದರೆ ಮೂಗು ಮುರಿಯುತ್ತಿದ್ದ. ಗಣೇಶನ ಪೆಂಡಾಲಿನಲ್ಲಿ ನುಡಿಸುವ ಆರ್ಕೆಸ್ಟ್ರಾದವರನ್ನು ಕಂಡರೆ ‘ಬ್ಯಾಂಡ್‌ಸೆಟ್ಟಿನವರಿಗೆ ಬೆಲ್‌ಬಾಟಮ್ ಹೊಲಿಸಿದ್ದಾರೆ’ ಅನ್ನುತ್ತಿದ್ದ. ರಾಮನವಮಿಯ ಕಚೇರಿಗೆ ಹೊರಟವರನ್ನು ಕಂಡರೆ ‘ತೊಡೆ ತಟ್ಕೊಳೋಕೆ ಜಯನಗರದವರೆಗೂ ಯಾಕೆ ಹೋಗ್ಬೇಕು, ಮನೇಲಿ ತೊಡೆ ಇಲ್ವಾ’ ಅನ್ನುತ್ತಿದ್ದ. ಇಷ್ಟೆಲ್ಲ ಅನ್ನುವುದಕ್ಕೆ ಈ ಭೂಪ ಯಾವ ಸೀಮೆಯ ವಿದ್ವಾಂಸ ಅಂತ ಮಾತ್ರ ಕೇಳಬೇಡಿ. ಅಪ್ಪ ಚಿಕ್ಕಬೈರಪ್ಪನ ರಾಗಿ ಹೊಲ ಲೇಔಟಿಗೆ ಹೋಗಿ, ಉಳಿದ ಜಾಗದಲ್ಲಿ ಎರಡು ಸಾಲು ವಠಾರ ಎದ್ದು, ಬಾಡಿಗೆ ತಾನಾಗಿಯೇ ನಡೆದುಕೊಂಡು ಬರುತ್ತಿತ್ತು. ಬಿ.ಕಾಂ. ಅರ್ಧಕ್ಕೆ ಬಿಟ್ಟ ಒಬ್ಬನೇ ಮಗ. ಮೂಗು ಮುರಿಯುವುದೇ ಅವನ ಉದ್ಯೋಗವಾಗಿತ್ತು.

ಇಂಥವನು ಬಾಯಿ ಮುಚ್ಚಿಕೊಂಡು ಕೂತದ್ದು ಒಂದೇ ಸಲ. ಎಪ್ಪತ್ನಾಲ್ಕನೇ ಇಸವಿ, ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ದೊಡ್ಡ ಹೋಟೆಲು. ಅಲ್ಲಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಜ್ಯಾಮ್ ಸೆಷನ್ ಅಂತ ನಡೆಯುತ್ತಿತ್ತು. ಕಾಲೇಜಿನವರು ಬಿಯರ್ ಕುಡಿಯುತ್ತ ಜಾಜ್ ಕೇಳುತ್ತಿದ್ದರು. ಹಳೆಯ ಗೆಳೆಯರ ಜೊತೆ ಗಂಗಾಧರಯ್ಯ ಹೋದದ್ದು ಹುಡುಗಿಯರನ್ನು ನೋಡುವುದಕ್ಕೆ, ಸಂಗೀತಕ್ಕೇನಲ್ಲ. ಅರ್ಧ ಗ್ಲಾಸು ಮುಗಿಯುವ ಹೊತ್ತಿಗೆ ಬ್ಯಾಂಡಿನವರು ಒಂದು ನಿಧಾನದ ಹಾಡು ಎತ್ತಿಕೊಂಡರು. ಗಿಟಾರಿನವನು ಒಂದು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. ಸ್ವರ ಬಾಗಿತು, ಬಾಗಿ ಅಳುವ ಹಾಗೆ ಆಯಿತು, ಅಳುವ ಮುಂಚೆ ನಕ್ಕುಬಿಟ್ಟಿತು. ಗಂಗಾಧರಯ್ಯನ ರೋಮಗಳೆಲ್ಲ ಎದ್ದು ನಿಂತವು. ಯಾರಪ್ಪಾ ಈ ಪುಣ್ಯಾತ್ಮ ಅಂತ ಕತ್ತು ಚಾಚಿ ನೋಡಿದರೆ, ಕಪ್ಪು ಕೋಟು ಹಾಕಿ ಬೋ ಟೈ ಕಟ್ಟಿಕೊಂಡು ಕೂತವನು ತಮ್ಮೂರ ಕೇರಿಯ ಯಲ್ಲಯ್ಯ!

ಅಯ್ಯೋ ಶಿವನೇ. ಇವನ ತಾಯಿ ತಮ್ಮ ಮನೆಯ ಸಗಣಿ ಬಾಚಿದವಳು. ಹಬ್ಬದ ದಿನ ಹಿತ್ತಿಲ ಬಾಗಿಲಲ್ಲಿ ಸೆರಗು ಒಡ್ಡಿ ನಿಲ್ಲುತ್ತಿದ್ದವಳು. ಮಗ ದಂಡಿನಲ್ಲಿ ಹೋಟೆಲು ಕೆಲಸಕ್ಕಿದ್ದಾನೆ ಅಂತ ಊರಿಗೆಲ್ಲ ಗೊತ್ತಿತ್ತು. ಲೋಟ ತೊಳೆಯುತ್ತಾನೆ ಅಂತ ಎಲ್ಲರೂ ತಿಳಿದಿದ್ದರು. ನಿಜ, ಲೋಟ ತೊಳೆಯುವುದಕ್ಕೇ ಸೇರಿದ್ದ, ಹದಿನಾಲ್ಕನೇ ವಯಸ್ಸಿನಲ್ಲಿ. ಬ್ಯಾಂಡಿನ ಒಬ್ಬ ಮುದುಕ ಆಂಗ್ಲೋ-ಇಂಡಿಯನ್ ಇವನ ಕಿವಿ ಚೆನ್ನಾಗಿದೆ ಅಂತ ಕೈಗೆ ಗಿಟಾರು ಕೊಟ್ಟಿದ್ದು, ಮುದುಕ ಸತ್ತ ಮೇಲೆ ಇವನೇ ಆ ಕುರ್ಚಿಯಲ್ಲಿ ಕೂತದ್ದು, ಹತ್ತೊಂಬತ್ತು ವರ್ಷದಿಂದ ದಂಡೆಲ್ಲ ಇವನ ಬೆರಳಿಗೆ ತಲೆದೂಗುತ್ತಿದ್ದದ್ದು ಸಾರಕ್ಕಿಗೆ ಹೇಗೆ ತಿಳಿಯಬೇಕು? ಗಂಗಾಧರಯ್ಯ ಮೊದಲು ಮಾಡಿದ ಕೆಲಸ ಅಂದರೆ, ತಾನು ಬಿಯರ್ ಕುಡಿಯುವುದನ್ನು ಇವನು ನೋಡಿ ಊರಲ್ಲಿ ಹೇಳಿಬಿಟ್ಟಾನು ಅಂತ ಕಂಬದ ಮರೆಗೆ ಸರಿದದ್ದು. ಕಂಬದ ಮರೆಯಲ್ಲೇ ಮಧ್ಯಾಹ್ನ ಎರಡು ಗಂಟೆಯವರೆಗೆ ಕೇಳಿದ. ಮನೆಗೆ ಬಂದು ಊಟ ಮಾಡಲಿಲ್ಲ.

ಮಾರನೆಯ ತಿಂಗಳೇ ಗಿಟಾರು ಬಂತು. ಅಂತಿಂಥದ್ದಲ್ಲ, ಕರೆಂಟಿನದ್ದು, ಜೊತೆಗೆ ಟ್ರಂಕಿನಷ್ಟು ದಪ್ಪನೆಯ ಆಂಪ್ಲಿಫೈಯರು. ಮೂಗಿಗಿಂತ ಮೂಗುತಿ ಭಾರ ಅಂತ ವಠಾರದವರು ನಕ್ಕರು. ಪುಸ್ತಕ ನೋಡಿಕೊಂಡು, ಸ್ವರಗಳನ್ನು ಒಟ್ಟಿಗೆ ಮೀಟುವ ಕಾರ್ಡ್ ಅಂತ ಮೂರು ಕಲಿತ. ರೆಕಾರ್ಡ್ ತಂದು ಸೂಜಿ ಸವೆಯುವ ತನಕ ಕೇಳಿದ. ಎರಡು ವರ್ಷ ಕುಟ್ಟಿದರೂ ಆ ಬಾಗಿದ ಸ್ವರ ಇವನ ಗಿಟಾರಿನಿಂದ ಹೊರಡಲಿಲ್ಲ. ತಂತಿ ಸರಿಯಿಲ್ಲ ಅಂದ, ಕರೆಂಟು ಸರಿಯಿಲ್ಲ ಅಂದ, ಬೆಂಗಳೂರಿನ ಹವೆಯೇ ಇದಕ್ಕೆ ಹೊಂದುವುದಿಲ್ಲ ಅಂದ. ಕುಣಿಯಲಾರದವಳಿಗೆ ನೆಲ ಡೊಂಕು. ಒಳಗೆ ಮಾತ್ರ ಅವನಿಗೆ ಗೊತ್ತಿತ್ತು. ಆ ಮನುಷ್ಯನ ಪಕ್ಕ ಕೂತು ಒಂದೇ ಒಂದು ಸಲ ಅವನ ಜೊತೆ ನುಡಿಸಬೇಕು. ಅದು ಆಗದಿದ್ದರೆ ಈ ಬಾಡಿಗೆ, ಈ ವಠಾರ, ಈ ಇಪ್ಪತ್ತೇಳು ವರ್ಷ, ಎಲ್ಲ ದಂಡ.

ಎಪ್ಪತ್ತೇಳರಲ್ಲಿ ಆ ಹೋಟೆಲಿನವರು ಬ್ಯಾಂಡ್ ತೆಗೆದು ಟೇಪು ಹಾಕಿಕೊಂಡರು. ಯಲ್ಲಯ್ಯ ಕೇರಿಯ ಮನೆಯಲ್ಲಿ ಕೂತು ರೇಡಿಯೋ ರಿಪೇರಿ ಮಾಡತೊಡಗಿದ. ಹೆಂಡತಿ ಅಂಕಮ್ಮ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂವು ಮಾರುತ್ತಿದ್ದಳು. ಸುದ್ದಿ ತಿಳಿದದ್ದೇ ತಡ, ಗಂಗಾಧರಯ್ಯ ‘ಬಂದು ಕಾಣು’ ಅಂತ ಹೇಳಿಕಳಿಸಿದ. ವಿದ್ಯೆ ಬೇಕಾದವನು ತಾನು, ನಡೆದು ಬರಬೇಕಾದವನು ಅವನು. ಎಮ್ಮೆ ಸತ್ತಾಗ ಅವನಪ್ಪ ಕೇರಿಗೆ ಹೀಗೇ ಹೇಳಿಕಳಿಸುತ್ತಿದ್ದದ್ದು, ಮಗನಿಗೆ ಬೇರೆ ರೀತಿ ಹೇಗೆ ಗೊತ್ತಿರಬೇಕು?

ಯಲ್ಲಯ್ಯ ಬಂದ. ಐವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಷರಟು. ಮನೆಯೊಳಗೆ ಪಾಠ ಅನ್ನುವ ಮಾತೇ ಇರಲಿಲ್ಲ. ತಾಯಿ ಮುನಿಲಕ್ಷ್ಮಮ್ಮ ಅಂಗಳದಲ್ಲಿ ನಿಂತು, ‘ಕೊಟ್ಟಿಗೆ ಖಾಲಿ ಬಿದ್ದೈತಲ್ಲ, ಅಲ್ಲಿ ಬೇಕಾದ್ರೆ ಬಾರಿಸ್ಕೊಳ್ಳಿ’ ಅಂದಳು. ಹೊಲ ಹೋದ ಮೇಲೆ ದನ ಮಾರಿದ್ದರು. ಗೋದಲಿ, ಗೂಟ ಮಾತ್ರ ಉಳಿದಿದ್ದವು.

ಯಲ್ಲಯ್ಯ ಕೊಟ್ಟಿಗೆಯನ್ನು ಒಮ್ಮೆ ನೋಡಿದ. ತನ್ನ ತಾಯಿ ಬಾಚಿದ ನೆಲವನ್ನೂ ನೋಡಿದ. ‘ಆಗ್ಲಿ ಗೌಡ್ರೇ, ಇಲ್ಲೇ ಆಗ್ಲಿ. ಆದ್ರೆ ಒಂದ್ ಮಾತು. ಗಿಟಾರ್ ಕೈಗೆ ತಗೊಂಡ್ ಮೇಲೆ ಇಲ್ಲಿ ಗೌಡ್ರ ಮಗ ಅಂತ ಯಾರೂ ಇರಲ್ಲ. ನಾನು ಬೈತೀನಿ. ನಮ್ಮ ಮುದುಕ ನನ್ನ ಹೆಂಗೆ ಬೈತಿದ್ನೋ ಹಂಗೇ ಬೈತೀನಿ. ನಂಗೆ ಕಲಿಸೋಕೆ ಬರೋದು ಹಂಗೊಂದೇ. ತಡ್ಕೊಳೋ ಹಾಗಿದ್ರೆ ನೋಡಿ.’

‘ಬೈಕೊ ಯಲ್ಲ, ಅದಕ್ಕೇನಂತೆ,’ ಅಂದ ಗಂಗಾಧರಯ್ಯ, ದೊಡ್ಡ ಔದಾರ್ಯ ತೋರಿಸಿದವನ ಹಾಗೆ.

‘ಮೇಷ್ಟ್ರೇ ಅನ್ನು. ಕೂತ್ಕೊ. ಅದೇನು ಹಿಡ್ಕೊಂಡಿದ್ದೀಯ, ಗಿಟಾರೋ ಗುದ್ದಲಿಯೋ?’

ಪಾಠ ಅಲ್ಲಿಂದ ಶುರುವಾಯಿತು. ಶನಿವಾರ, ಬುಧವಾರ, ಮಧ್ಯಾಹ್ನ ಮೂರಕ್ಕೆ. ಯಲ್ಲಯ್ಯ ಕಲಿಸುತ್ತಿದ್ದದ್ದು ಲಿಕ್‌ಗಳನ್ನು. ಲಿಕ್ ಅಂದರೆ ಇಡೀ ಹಾಡಲ್ಲ, ನಾಲ್ಕೋ ಆರೋ ಸ್ವರಗಳ ಒಂದು ಚೂರು. ಹಾಡಿನ ಸಂದಿಯಲ್ಲಿ ಗಿಟಾರಿನವನು ಎಸೆಯುವ ಸಣ್ಣ ಮಾತು. ಬ್ಲೂಸ್ ಅಂದರೆ ಏನು ಅಂತ ಗಂಗಾಧರಯ್ಯ ಕೇಳಿದಾಗ ಮೇಷ್ಟ್ರು ಹೇಳಿದ್ದು ಇಷ್ಟು: ‘ನಿಂಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಕೇಳು. ಹನ್ನೆರಡು ಮನೆ ವಠಾರ. ಮೊದಲ್ನೇ ಮನೇಲಿ ಕಷ್ಟ ಹೇಳ್ಕೊ, ಐದನೇ ಮನೆಗೆ ಹೋಗಿ ಅದೇ ಕಷ್ಟ ಇನ್ನೊಂದ್ ಸಲ ಹೇಳ್ಕೊ, ಒಂಬತ್ತನೇ ಮನೆಗೆ ಬಂದು ಅದಕ್ಕೊಂದು ಕೊನೆ ಹೇಳು. ಸುತ್ತಿ ಬಂದು ಮತ್ತೆ ಮೊದಲ್ನೇ ಮನೆ ಬಾಗಿಲಲ್ಲಿ ನಿಂತ್ಕೊ. ಅಷ್ಟೇ. ಬಾಡಿಗೆ ವಸೂಲಿಗೆ ಹೋದೋನ ಥರ ಬಾಗಿಲು ಬಡೀಬೇಡ.’

ಗಂಗಾಧರಯ್ಯ ನೂರು ಪುಟದ ನೋಟುಬುಕ್ಕು ತಂದ. ಹುಡುಗನಾಗಿದ್ದಾಗ ಭಜನೆ ಮನೆಯಲ್ಲಿ ಹಾರ್ಮೋನಿಯಂ ಕಲಿತಿದ್ದನಲ್ಲ, ಒಂದೊಂದು ಲಿಕ್ಕಿಗೂ ನಂಬರು ಹಾಕಿ ಸರಿಗಮ ಬರೆದುಕೊಂಡ. ಬಾಗಿದ ಸ್ವರ ಬಂದಾಗ ಪೆನ್ಸಿಲು ಎತ್ತಿ, ‘ಸರಿಗಮದಲ್ಲಿ ಇದು ಸಣ್ಣ ಗಾನೋ ದೊಡ್ಡ ಗಾನೋ ಮೇಷ್ಟ್ರೇ?’ ಅಂದ.

‘ಎರಡೂ ಅಲ್ಲ. ಎರಡು ಮನೆ ಮಧ್ಯೆ ಒಂದು ಸಂದಿ ಇರ್ತದಲ್ಲ, ಅಲ್ಲಿ.’

‘ಅದನ್ನ ಹೆಂಗೆ ಬರೆಯೋದು?’

‘ಬರೀಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲೋ ಮಂಕೇ! ಇದೇನ್ ಮಗ್ಗೀನಾ? ಹೊರಗೆ ಸೊಪ್ಪಿನವಳು ಹೋಗ್ತಾವ್ಳೆ ನೋಡು, ಕೂಗು ಕೇಳು. ಕೊನೇಲಿ ಎಳೀತಾಳಲ್ಲ, ಅದನ್ನ ಯಾವ ಬುಕ್ಕಲ್ಲಿ ಬರ್ಕೊಂಡ್ ಬಂದವಳೆ ಅವಳು?’

ಬೈಗುಳ ಒಂದೇ ಎರಡೇ. ಕೈಯೋ ಕೊಡಲಿ ಕಾವೋ? ಎಮ್ಮೆ ಕಟ್ಟೋ ಜಾಗದಲ್ಲಿ ಕೂತ್ಕೊಂಡು ಎಮ್ಮೆ ಥರಾನೇ ನುಡಿಸ್ಬೇಕು ಅಂತೇನಾದ್ರೂ ಹರಕೆ ಹೊತ್ತಿದ್ದೀಯಾ? ಅವಸರ ಯಾಕೋ ಗೂಬೆ, ಬಸ್ ಹೋಗ್ತಾ ಇದ್ಯಾ? ಮೊದಲ ವಾರ ಗಂಗಾಧರಯ್ಯನ ಕಿವಿ ಕೆಂಡವಾಗಿತ್ತು. ಹುಟ್ಟಿದಾಗಿನಿಂದ ಅಪ್ಪ ಬೈದಿರಲಿಲ್ಲ, ಅಮ್ಮ ಬೈದಿರಲಿಲ್ಲ, ಬೈಯುವ ಅಧಿಕಾರ ಇದ್ದವರು ಯಾರೂ ಊರಲ್ಲಿ ಇರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಏನೋ ಆಯಿತು. ಬುಧವಾರ ಮಧ್ಯಾಹ್ನ ಆಗುವುದನ್ನೇ ಕಾಯತೊಡಗಿದ. ಮೇಷ್ಟ್ರು ಬೈಯದೆ ಬರೀ ‘ಹೂಂ’ ಅಂದ ದಿನ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶಿಷ್ಯನ ಕೈಯಲ್ಲಿ ಏನೋ ಆಗುತ್ತದೆ ಅಂತ ನಂಬಿದವನು ಮಾತ್ರ ಹಾಗೆ ಬೈಯುತ್ತಾನೆ ಅಂತ ಅವನಿಗೆ ಮೊದಲ ಸಲ ಹೊಳೆದಿತ್ತು. ಅಷ್ಟರ ಮಟ್ಟಿಗೆ ಅವನಿಗೂ ಬುದ್ಧಿ ಇತ್ತು, ಇಲ್ಲ ಅನ್ನುವ ಹಾಗಿಲ್ಲ.

‘ಆ ಯಲ್ಲ ನಿನ್ನ ಲೋ ಅಂತಾನಲ್ಲೋ!’ ಅಂತ ಮುನಿಲಕ್ಷ್ಮಮ್ಮ ಒಂದು ದಿನ ತರಾಟೆಗೆ ತೆಗೆದುಕೊಂಡಳು.

‘ಇಂಗ್ಲಿಷ್ ಸಂಗೀತದಲ್ಲಿ ಅದು ಹಂಗೇ ಕಣಮ್ಮ. ತಾಳ ಹಾಕೋದು,’ ಅಂದ ಮಗ. ಮುನಿಲಕ್ಷ್ಮಮ್ಮ ನಂಬಿದಳೋ ಬಿಟ್ಟಳೋ, ಕೊಟ್ಟಿಗೆಯ ಕಡೆಯ ಕಿಟಕಿ ಮಾತ್ರ ಅಂದಿನಿಂದ ತೆರೆದೇ ಇರುತ್ತಿತ್ತು.

ಎಂಟು ತಿಂಗಳಲ್ಲಿ ನೋಟುಬುಕ್ಕಿನಲ್ಲಿ ನಲವತ್ತೊಂದು ಲಿಕ್ಕು ಸೇರಿದವು. ಒಂದೂ ತಪ್ಪದೆ ಒಪ್ಪಿಸುತ್ತಿದ್ದ. ಆಗ ಯಲ್ಲಯ್ಯ ಅಸಲು ಪಾಠಕ್ಕೆ ಇಳಿದ. ತಾನೊಂದು ಚೂರು ನುಡಿಸುವುದು, ನಿಲ್ಲಿಸುವುದು, ಹುಬ್ಬೆತ್ತಿ ಇವನ ಮುಖ ನೋಡುವುದು. ಗಂಗಾಧರಯ್ಯ ಆ ಚೂರನ್ನೇ ಚಾಚೂ ತಪ್ಪದೆ ತಿರುಗಿ ನುಡಿಸುತ್ತಿದ್ದ.

‘ಲೋ ಗಂಗ, ಊಟ ಆಯ್ತಾ ಅಂತ ಕೇಳಿದ್ರೆ ನೀನೂ ಊಟ ಆಯ್ತಾ ಅಂತೀಯಲ್ಲೋ! ಆಯ್ತು ಅನ್ನು, ಇಲ್ಲ ಅನ್ನು, ಸಾರು ಉಪ್ಪಾಗಿತ್ತು ಅನ್ನು, ಏನಾದ್ರೂ ಅನ್ನೋ. ನಂಗೆ ಗಿಳಿ ಸಾಕೋ ಚಟ ಇದ್ದಿದ್ರೆ ಶಿವಾಜಿನಗರದಲ್ಲಿ ತರ್ತಿದ್ದೆ. ಇಪ್ಪತ್ತೆರಡು ವರ್ಷ ನಂಗೆ ಎದುರು ಮಾತಾಡೋರು ಇದ್ರು ಕಣೋ. ಈಗ ಮನೇಲಿ ಒಬ್ಬನೇ ಕೂತ್ಕೊಂಡು ಕೇಳ್ತೀನಿ, ಯಾರೂ ಮಾತಾಡಲ್ಲ. ಅದಕ್ಕೇ ಈ ಕೊಟ್ಟಿಗೆಗೆ ಬರ್ತಾ ಇರೋದು ನಾನು. ನಿನ್ನ ಚೆಂದ ನೋಡೋಕಲ್ಲ.’

ಮೇಷ್ಟ್ರು ಹಾಗೆ ಅಂದ ಮೇಲೆ ಗಂಗಾಧರಯ್ಯ ನೋಟುಬುಕ್ಕನ್ನು ಗೋದಲಿಗೆ ಎಸೆದ. ಎರಡು ವಾರ ಏನೇನೋ ಬಡಬಡಿಸಿದ. ಮೂರನೆಯ ಶನಿವಾರ ಯಲ್ಲಯ್ಯ ಒಂದು ಚೂರು ನುಡಿಸಿ ಕೇಳಿದ; ಇವನ ಬೆರಳು ತಾನಾಗಿ ತಂತಿಯನ್ನು ತಳ್ಳಿ ಸ್ವರವನ್ನು ಆ ಸಂದಿಯಲ್ಲಿ ನಿಲ್ಲಿಸಿ ಏನೋ ಒಂದು ಉತ್ತರ ಕೊಟ್ಟುಬಿಟ್ಟಿತು. ಯಲ್ಲಯ್ಯ ಹೋ ಅಂತ ನಕ್ಕು, ಎದ್ದು ಬಂದು ಇವನ ಬೆನ್ನಿಗೆ ಗುದ್ದಿದ. ‘ಅಬ್ಬಾ! ಬಾಯಿ ಬಿಟ್ಟ ನೋಡು ಬಡ್ಡಿಮಗ!’ ಗಂಗಾಧರಯ್ಯನ ಕಣ್ಣಲ್ಲಿ ನೀರು ಬಂತು. ಅವನ ಬದುಕಿನಲ್ಲೇ ಅಂಥ ಸಂತೋಷ ಇನ್ನೊಂದಿರಲಿಲ್ಲ.

ಇಷ್ಟಾಗಿ, ಮೇಷ್ಟ್ರು ಹೋದ ಮೇಲೆ ಹಿತ್ತಿಲಿಗೆ ಬಂದರೆ ಮುನಿಲಕ್ಷ್ಮಮ್ಮ ಹಂಡೆಯಿಂದ ಬಿಸಿನೀರು ತೋಡಿ ಬಕೆಟ್ ತುಂಬಿಸಿ ಇಟ್ಟಿದ್ದಳು. ಬೆನ್ನಿಗೆ ಗುದ್ದಿದ್ದನ್ನು ಕಿಟಕಿಯಿಂದ ನೋಡಿದ್ದಳು. ಟವೆಲ್ ಕೊಟ್ಟು ಒಳಗೆ ಹೋದಳು. ನಮ್ಮ ಜಾಜ್ ವಿದ್ವಾಂಸರು ಏನು ಮಾಡಿದರು ಅಂತೀರಿ? ಷರಟು ಬಿಚ್ಚಿ ಸ್ನಾನ ಮಾಡಿದರು. ಬೆವರಿತ್ತು, ಅದಕ್ಕೆ, ಅಂತ ತನಗೆ ತಾನೇ ಹೇಳಿಕೊಂಡ. ಥೂ, ಬೆವರಂತೆ.

ಬೀದಿಯಲ್ಲೂ ಇದೇ ಕತೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಗೆಳೆಯರ ಜೊತೆ ನಿಂತಾಗ ಯಲ್ಲಯ್ಯ ಎದುರು ಬಂದರೆ, ಯಲ್ಲಯ್ಯನೇ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದ. ಗಂಗಾಧರಯ್ಯನಿಗೆ ಹಾಯೆನಿಸುತ್ತಿತ್ತು. ಒಳ್ಳೆ ಮನುಷ್ಯ, ಸಂದರ್ಭ ತಿಳಿದವನು ಅಂದುಕೊಳ್ಳುತ್ತಿದ್ದ. ಬುಧವಾರ ಕೊಟ್ಟಿಗೆಯಲ್ಲಿ ಮತ್ತೆ ‘ಮೇಷ್ಟ್ರೇ, ನೀವು’. ಒಂದೇ ನಾಲಿಗೆಯಲ್ಲಿ ಎರಡು ಸಂಸಾರ ನಡೆಸುತ್ತಿದ್ದ.

ಎಪ್ಪತ್ತೆಂಟರ ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಜಯನಗರದ ಬಡಾವಣೆ ಸಂಘದ ಕಾರ್ಯದರ್ಶಿ ಶಾಮಣ್ಣ ಬಯಲಿನಲ್ಲಿ ಸಂಗೀತ ಸಂಜೆ ಇಟ್ಟುಕೊಂಡಿದ್ದರು. ಅದರಲ್ಲಿ ಅರ್ಧ ಗಂಟೆ ಇಂಗ್ಲಿಷ್ ಸಂಗೀತವೂ ಇರಲಿ ಅಂತ ಯಾರೋ ಹೇಳಿದ್ದಕ್ಕೆ ದಂಡಿನ ಹಳೆಯ ಡ್ರಮ್ಮಿನವನನ್ನು ವಿಚಾರಿಸಿದರು. ಅವನು, ‘ನಿಮ್ಮ ಪಕ್ಕದಲ್ಲೇ ಯಲ್ಲಯ್ಯ ಇದ್ದಾನಲ್ಲ, ಅವನಿಲ್ದೆ ನಾವು ಯಾಕೆ’ ಅಂದ. ಹಾಗೆ ಯಲ್ಲಯ್ಯನಿಗೆ ಕರೆ ಬಂತು. ಯಲ್ಲಯ್ಯ ಬುಧವಾರ ಕೊಟ್ಟಿಗೆಗೆ ಬಂದವನು ಗಿಟಾರು ಮುಟ್ಟಲಿಲ್ಲ.

‘ನಾನು ಇಪ್ಪತ್ತೆರಡು ವರ್ಷ ದಂಡಿನೋರ ಎದುರು ನುಡಿಸ್ದೆ ಗಂಗ. ನಮ್ಮೂರೋರು ಒಬ್ರೂ ಕೇಳಿಲ್ಲ. ಅಂಕಮ್ಮಾನೂ ಕೇಳಿಲ್ಲ ಅಂದ್ರೆ ನೋಡು. ಹೋಟೆಲ್ ಒಳಕ್ಕೆ ಅವಳನ್ನ ಯಾರು ಬಿಡ್ತಿದ್ರು? ಇವತ್ತಿಗೂ ನಾನು ಲೋಟ ತೊಳೀತಿದ್ದೆ ಅಂತಾನೇ ಎಲ್ರೂ ತಿಳ್ಕೊಂಡವ್ರೆ. ಈ ಸಲ ಕೇರಿಯೋರೆಲ್ಲ ಬರ್ತಾರೆ.’ ಇವನ ಕಡೆ ತಿರುಗಿ ಹೇಳಿದ: ‘ಎರಡನೇ ಗಿಟಾರ್ ನನ್ನ ಶಿಷ್ಯ ನುಡಿಸ್ತಾನೆ ಅಂತ ಡ್ರಮ್ಮಿನೋನಿಗೆ ಹೇಳಿದ್ದೀನಿ. ಎದುರು ಮಾತಾಡೋಕೆ ನೀನು ಬರ್ತೀಯ ತಾನೇ?’

ಬರದೆ ಇರುತ್ತಾನೆಯೇ! ನಾಲ್ಕು ವರ್ಷದಿಂದ ಅವನು ಉಸಿರಾಡುತ್ತಿದ್ದದ್ದೇ ಇದಕ್ಕೆ. ಗಂಗಾಧರಯ್ಯ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ. ಚಿಕ್ಕಬೈರಪ್ಪನೂ ಖುಷಿಯಾದ, ಅವನದ್ದೇ ಲೆಕ್ಕದಲ್ಲಿ. ಬೇಗೂರಿನಿಂದ ಮಗನಿಗೆ ಹೆಣ್ಣಿನ ಮಾತು ಬಂದಿತ್ತು. ‘ಬೀಗರಾಗೋರು ಬರ್ಲಿ, ಹುಡುಗ ಸ್ಟೇಜಿನ ಮೇಲೆ ಹೆಂಗೆ ಕಾಣ್ತಾನೆ ನೋಡ್ಲಿ’ ಅಂತ ಅವರನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ. ಕೇರಿಯವರು ಹಿಂದೆ, ಬಯಲಿನ ಬೇಲಿಯ ಹತ್ತಿರ ನಿಂತರು. ಅಂಕಮ್ಮ ಆ ದಿನ ಹೂವು ಮಾರಲಿಲ್ಲ. ಮುಡಿದುಕೊಂಡು ಬಂದಿದ್ದಳು.

ಮೊದಲನೆಯ ಹಾಡು ಹೇಗಿತ್ತು ಅಂತ ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ಯಲ್ಲಯ್ಯ ಆ ಹಳೆಯ ಕಪ್ಪು ಕೋಟು ಹಾಕಿದ್ದ, ತೋಳಿನ ಹತ್ತಿರ ಹೊಲಿಗೆ ಹಾಕಿದ್ದು ಕಾಣುತ್ತಿತ್ತು. ಹನ್ನೆರಡು ಮನೆಯ ಸುತ್ತು ಶುರುವಾಯಿತು. ಅವನು ಒಂದು ಮಾತು ಕೇಳಿದ, ಗಂಗಾಧರಯ್ಯ ಉತ್ತರ ಕೊಟ್ಟ. ಅವನು ರೇಗಿಸಿದ, ಇವನು ತಿರುಗಿ ಬಿದ್ದ. ಅವನು ಅತ್ತ, ಇವನು ಸಮಾಧಾನ ಹೇಳಿದ. ಬೆಲ್‌ಬಾಟಮ್ ಆರ್ಕೆಸ್ಟ್ರಾದವರು ಪಕ್ಕದಲ್ಲಿ ನಿಂತು ಬಾಯಿ ಬಿಟ್ಟುಕೊಂಡು ಕೇಳಿದರು. ಬೇಲಿಯ ಹತ್ತಿರ ಯಾರೋ ಸಿಳ್ಳೆ ಹೊಡೆದರು. ಯಲ್ಲಯ್ಯ ನುಡಿಸುತ್ತಲೇ ಈ ಕಡೆ ಬಾಗಿ, ‘ಪರ್ವಾಗಿಲ್ವೋ ಗೂಬೆ’ ಅಂದ. ಗಂಗಾಧರಯ್ಯನಿಗೆ ಅಲ್ಲೇ ಪ್ರಾಣ ಹೋಗಿದ್ದರೂ ಚಿಂತೆಯಿರಲಿಲ್ಲ. ಹೋಗಿದ್ದರೆ ಚೆನ್ನಾಗಿರುತ್ತಿತ್ತು.

ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮುಂಚೆಯೇ ಶಾಮಣ್ಣ ಮೈಕು ಹಿಡಿದು ಬಂದರು. ‘ನಮ್ಮ ಸಾರಕ್ಕಿ ಚಿಕ್ಕಬೈರಪ್ಪನವರ ಸುಪುತ್ರರು! ಆಹಾ! ಇಂಥ ವಿದ್ಯೆ ನಮ್ಮ ಬಡಾವಣೆಯಲ್ಲೇ ಇದೆ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಗಂಗಾಧರಯ್ಯನವರೇ, ಇದನ್ನ ಎಲ್ಲಿ ಕಲಿತ್ರಿ? ತಮ್ಮ ಗುರುಗಳು ಯಾರು? ಸಭೆಗೆ ತಿಳಿಸಿ.’

ಮೈಕು ಗಂಗಾಧರಯ್ಯನ ಬಾಯಿಯ ಹತ್ತಿರ ಬಂತು. ಗುರು ಒಂದು ಮೊಳ ದೂರದಲ್ಲಿ ಕೂತಿದ್ದ. ತಂತಿ ಶ್ರುತಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿಕೊಂಡಿದ್ದ; ನಾಚಿಕೆಯಾದಾಗ ಹಾಗೆ ಮಾಡುವುದು ಅವನ ಅಭ್ಯಾಸ. ಒಂದು ಹೆಸರು ಹೇಳಿದ್ದರೆ ಸಾಕಾಗಿತ್ತು, ಮೂರು ಅಕ್ಷರ. ಗಂಗಾಧರಯ್ಯ ಮುಂದಿನ ಸಾಲು ನೋಡಿದ. ಅಪ್ಪ ಮೀಸೆ ಸವರಿಕೊಳ್ಳುತ್ತಿದ್ದ. ಅಮ್ಮ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಬೇಗೂರಿನವರು ಕಿವಿ ಕೊಟ್ಟು ಕಾಯುತ್ತಿದ್ದರು.

‘ಗುರುಗಳು ಅಂತ ಯಾರೂ ಇಲ್ಲ,’ ಅಂದ. ದನಿ ಬಯಲಿನ ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ ಮೊಳಗಿತು. ‘ರೆಕಾರ್ಡ್ ಹಾಕ್ಕೊಂಡು, ಸ್ವಂತವಾಗಿ ಕಲಿತದ್ದು.’

‘ಭೇಷ್! ಏಕಲವ್ಯ!’ ಅಂದರು ಶಾಮಣ್ಣ. ಏಕಲವ್ಯನಂತೆ! ಕೇಳಬೇಕು ಇಂಥದ್ದನ್ನೆಲ್ಲ. ‘ಮತ್ತೆ ಇವರು?’

‘ಇವನು ನಮ್ಮೂರೋನೇ. ಯಲ್ಲ ಅಂತ. ಜೊತೆಗೆ ಬಾರಿಸ್ತಾನೆ.’

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಮಹಾನುಭಾವ ದಾಟುವ ತನಕವೂ ಕಾಯಲಿಲ್ಲ. ನಡುನೀರಿನಲ್ಲಿ, ದೋಣಿಯೊಳಗೆ ಕೂತುಕೊಂಡೇ ಅಂಬಿಗನನ್ನು ತಳ್ಳಿದ. ಬೇಲಿಯ ಹತ್ತಿರ ಸದ್ದು ಅಡಗಿತು. ಅಂಕಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಯಲ್ಲಯ್ಯ ಮಾತ್ರ ತಲೆ ಎತ್ತಲಿಲ್ಲ. ಶ್ರುತಿ ಮಾಡುವುದನ್ನು ಮುಗಿಸಿದ, ಡ್ರಮ್ಮಿನವನಿಗೆ ಕಣ್ಣಲ್ಲೇ ಸನ್ನೆ ಮಾಡಿದ, ಎರಡನೆಯ ಹಾಡು ಶುರು ಮಾಡಿದ.

ಗಂಗಾಧರಯ್ಯ ಕಾದ. ಯಲ್ಲಯ್ಯ ಕಾರ್ಡ್ ಹಿಡಿದು ಜರಜರನೆ ಮೀಟುತ್ತಿದ್ದ, ಅಷ್ಟೇ. ನಾಲ್ಕು ಮನೆ ಹೋಯಿತು, ಎಂಟು ಮನೆ ಹೋಯಿತು, ಒಂದು ಮಾತೂ ಕೇಳಲಿಲ್ಲ. ಜೊತೆಗೆ ಬಾರಿಸುವವನು ಎಷ್ಟು ಬಾರಿಸಬೇ‌ಕೋ ಅಷ್ಟನ್ನು, ಎಣಿಸಿದ ಹಾಗೆ, ತಾಳ ತಪ್ಪದೆ, ಕತ್ತು ತಿರುಗಿಸದೆ ಬಾರಿಸಿದ. ಕೇಳುವವರೇ ಇಲ್ಲದ ಮೇಲೆ ಯಾರಿಗೆ ಉತ್ತರ ಕೊಡುವುದು? ಗಂಗಾಧರಯ್ಯ ದಿಕ್ಕು ತೋಚದೆ ಒಂದನೇ ನಂಬರಿನ ಲಿಕ್ಕು ನುಡಿಸಿದ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ನೋಟುಬುಕ್ಕಿನಲ್ಲಿ ಇದ್ದ ಹಾಗೇ ನಲವತ್ತೊಂದನ್ನೂ ಒಂದರ ಹಿಂದೊಂದು ಸುರಿದ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನ ಹಾಗೆ. ಬೆವರು ಕಣ್ಣಿಗಿಳಿಯಿತು. ಮುಗಿದಾಗ ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಜನಕ್ಕೇನು, ಬೆರಳು ಬೇಗ ಓಡಿದರೆ ಸಾಕು. ಬೇಗೂರಿನವರು, ‘ಹುಡುಗ ಭಾರಿ ಚುರುಕು’ ಅಂದರು. ಡ್ರಮ್ಮಿನವನು ಕಡ್ಡಿಗಳನ್ನು ಚೀಲಕ್ಕೆ ತುರುಕಿ, ಗಂಗಾಧರಯ್ಯ ಚಾಚಿದ ಕೈಯನ್ನು ನೋಡಿಯೂ ನೋಡದ ಹಾಗೆ ಇಳಿದುಹೋದ.

ಶನಿವಾರ ಮೂರಕ್ಕೆ ಕೊಟ್ಟಿಗೆಗೆ ಯಾರೂ ಬರಲಿಲ್ಲ. ಬುಧವಾರವೂ ಇಲ್ಲ. ಮುನಿಸಿಕೊಂಡಿದ್ದಾನೆ, ಸಿಟ್ಟು ಇಳಿದ ಮೇಲೆ ಬರುತ್ತಾನೆ ಅಂದುಕೊಂಡ. ಮೂರು ವಾರ ಕಳೆಯಿತು. ಬೇಗೂರಿನ ಮಾತು ಕೂಡಿಬಂದು ವೀಳ್ಯಶಾಸ್ತ್ರವಾಯಿತು. ಉಂಗುರ ಹಾಕಿದ ಬೆರಳಲ್ಲಿ ಗಂಗಾಧರಯ್ಯ ಗಿಟಾರು ಹಿಡಿದು ಕೂತರೆ ಬೆರಳು ತನಗೆ ಗೊತ್ತಿದ್ದದ್ದನ್ನೇ ಹೇಳುತ್ತಿತ್ತು. ಹೇಳಿಕಳಿಸೋಣ ಅಂತ ಬಾಯಿ ತೆರೆದವನು, ಯಾಕೋ ಅವತ್ತು ಮುಚ್ಚಿಕೊಂಡ. ಗಿಟಾರಿಗೆ ಬಟ್ಟೆ ಸುತ್ತಿ ಬಗಲಿಗೆ ಹಾಕಿಕೊಂಡು, ಹಾಡುಹಗಲಲ್ಲಿ, ಹುಟ್ಟಿದ ಮೇಲೆ ಮೊದಲ ಸಲ ಕೇರಿಗೆ ನಡೆದುಕೊಂಡು ಹೋದ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ಮೇಷ್ಟ್ರು ಉಗಿಯುತ್ತಾರೆ. ಕೇರಿಯವರೆಲ್ಲರ ಎದುರು ಉಗಿಯುತ್ತಾರೆ. ಉಗಿಯಲಿ, ಉಗಿಸಿಕೊಳ್ಳುತ್ತೇನೆ, ಅಂದುಕೊಂಡ. ಅಷ್ಟು ಧೈರ್ಯ ಕೂಡಿಸಿಕೊಳ್ಳುವುದಕ್ಕೆ ಅವನಿಗೆ ಮೂರು ವಾರ ಬೇಕಾಗಿತ್ತು.

ಯಲ್ಲಯ್ಯ ಬಾಗಿಲಲ್ಲಿ ಕೂತು ಒಂದು ರೇಡಿಯೋದ ಹಿಂಬದಿ ಬಿಚ್ಚುತ್ತಿದ್ದ. ಇವನನ್ನು ಕಂಡದ್ದೇ ಎದ್ದು ನಿಂತ.

‘ಬನ್ನಿ ಗೌಡ್ರೇ, ಬನ್ನಿ. ಇಷ್ಟು ದೂರ ಯಾಕ್ ಬರೋಕೆ ಹೋದ್ರಿ, ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲ.’ ಪಕ್ಕದ ಮನೆಯಿಂದ ಕುರ್ಚಿ ತರಿಸಿ, ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಗೋಡೆಗೆ ಹಾಕಿದ. ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಅದರ ಪಕ್ಕ ಮೊಳೆಗೆ ಆ ಕಪ್ಪು ಕೋಟು. ಅಂಕಮ್ಮ ಒಳಗಿನಿಂದ ಬಂದು, ನೀರು ಬೇಕಾ ಅಂತ ಕೇಳದೆ ಸೀದಾ ಬೀದಿ ಕೊನೆಯ ಅಂಗಡಿಗೆ ಹೋಗಿ ಗೋಲಿ ಸೋಡಾ ತಂದು ಕುರ್ಚಿಯ ಪಕ್ಕ ಇಟ್ಟಳು. ಬಾಟಲಿಯನ್ನು ಒಡೆಯಲೂ ಇಲ್ಲ. ಸೋಡಾಕ್ಕೆ ತಮ್ಮ ಕೈ ತಾಕದ ಹಾಗೆ ಅವನೇ ಒಡೆದುಕೊಳ್ಳಲಿ ಅಂತ.

‘ಮೇಷ್ಟ್ರೇ,’ ಅಂದ ಗಂಗಾಧರಯ್ಯ. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗಿತ್ತು. ‘ಅವತ್ತು... ಬೀಗರು ಇದ್ರು. ಅಪ್ಪ ಇದ್ರು. ನಂಗೆ...’

‘ಬಿಡಿ ಸ್ವಾಮಿ, ಅದೇನ್ ದೊಡ್ಡ ಮಾತು. ನಿಶ್ಚಯ ಆಯ್ತಂತೆ. ಸಂತೋಷ ಆಯ್ತು. ಒಳ್ಳೇದಾಗ್ಲಿ.’ ಯಲ್ಲಯ್ಯ ಕೂರಲಿಲ್ಲ. ಕೈಕಟ್ಟಿಕೊಂಡು ನಿಂತೇ ಇದ್ದ.

‘ಬೈಯಿರಿ ಮೇಷ್ಟ್ರೇ.’

‘ಅಯ್ಯೋ, ನಿಮ್ಮನ್ನ ನಾನ್ಯಾಕೆ ಬೈಲಿ? ಎಂಥ ಮಾತು.’

ಗಂಗಾಧರಯ್ಯ ಬಟ್ಟೆ ಬಿಚ್ಚಿ ಗಿಟಾರು ತೊಡೆಯ ಮೇಲಿಟ್ಟುಕೊಂಡ. ಮೇಷ್ಟ್ರು ಮೊದಲ ತಿಂಗಳಲ್ಲಿ ಹೇಳಿಕೊಟ್ಟಿದ್ದ ಒಂದು ಚೂರನ್ನು ನುಡಿಸಿದ. ನುಡಿಸುತ್ತ ಬೇಕಂತಲೇ ಒಂದು ಸ್ವರ ತಪ್ಪಿಸಿದ. ಎಮ್ಮೆ ಅನ್ನಲಿ. ಮಂಕೇ ಅನ್ನಲಿ. ಕೊಡಲಿ ಕಾವು ಅನ್ನಲಿ. ತಲೆ ಎತ್ತಿ ನೋಡಿದ.

‘ಚೆನ್ನಾಗಿದೆ ಸ್ವಾಮಿ,’ ಅಂದ ಯಲ್ಲಯ್ಯ.

ಇನ್ನೊಂದು ಸಲ ನುಡಿಸಿದ. ಈ ಸಲ ತಾಳವನ್ನೂ ಕೆಡಿಸಿದ, ತಂತಿಯನ್ನು ಎಳೆಯಬೇಕಾದ ಕಡೆ ಎಳೆಯದೆ ಒಣ ಕಡ್ಡಿ ಮುರಿದ ಹಾಗೆ ಬಿಟ್ಟ. ಬಾಗಿಲಲ್ಲಿ ನಿಂತಿದ್ದ ಅಂಕಮ್ಮನಿಗೂ ಅದು ತಪ್ಪು ಅಂತ ಗೊತ್ತಾಯಿತು. ಅವಳು ಗಂಡನ ಮುಖ ನೋಡಿದಳು.

‘ಬಹಳ ಚೆನ್ನಾಗಿದೆ,’ ಅಂದ ಯಲ್ಲಯ್ಯ, ಕಟ್ಟಿದ ಕೈ ಬಿಡದೆ. ‘ನಿಮಗೆ ಇನ್ನು ಕಲಿಯೋದು ಏನೂ ಉಳಿದಿಲ್ಲ.’